ಡಯಲ್ ಗೇಜಿನ ಮುಳ್ಳು

ಮಾಚೇನಹಳ್ಳಿಯಲ್ಲಿ ರಾತ್ರಿ ಪಾಳಿ. ಹನ್ನೊಂದೂ ನಲವತ್ತಕ್ಕೆ
ಫೀಡರ್ ಟ್ರಿಪ್ಪಾಯಿತು.
ಕರೆಂಟು ಹೋದರೂ ಲೇತಿನ ಚಕ್ಕು ತಕ್ಷಣ ನಿಲ್ಲುವುದಿಲ್ಲ;
ಕತ್ತಲಲ್ಲಿ ಅದರ ಉಸಿರು ಎಣಿಸುತ್ತ ನಿಂತಿರುತ್ತೇನೆ,
ಮೂವತ್ತೊಂದು ವರ್ಷದ ಚಾಳಿ.

ಹೊರಗೆ, ಎರಕದ ಮರಳು ಗುಡ್ಡೆ ಹಾಕಿದ ಕಡೆ,
ಕಾರ್ತೀಕದ ಚಳಿ. ನೆತ್ತಿಯ ಮೇಲೆ ಕೃತ್ತಿಕೆ,
ಯಾರೋ ಒರೆಸದೆ ಬಿಟ್ಟ ಒಂದು ಚಿಟಿಕೆ ಉಕ್ಕಿನ ಪುಡಿ.

ಮಗಳು ಎಸ್ತರ್ ಶಂಕರಘಟ್ಟದಲ್ಲಿ ಓದುತ್ತಾಳೆ. ಹೋದ ಭಾನುವಾರ
ಚರ್ಚಿನಿಂದ ಬಂದವಳು ತಟ್ಟೆ ಸರಿಸಿ ಹಾಳೆ ಹಾಸಿದಳು:
ಒಂದು ನಕ್ಷತ್ರದ ಬೆಳಕು, ಎಪ್ಪತ್ತು ದಿನದ್ದು.
ಏರಿ ಇಳಿದು, ಏರಿ ಇಳಿದು.
"ಏನಿದು ಹೇಳಪ್ಪಾ, ನೋಡೋಣ?"
ನಾನು ಕನ್ನಡಕ ಹುಡುಕಲೂ ಇಲ್ಲ.
ಇದು ರನ್‌ಔಟು. ಜಾಬಿನ ಮೈಮೇಲೆ ಎಲ್ಲೋ ಒಂದು ತಗ್ಗು;
ಸುತ್ತಿಗೊಮ್ಮೆ ಗೇಜಿನ ಕೆಳಗೆ ಬರುತ್ತೆ, ಮುಳ್ಳು ತಲೆ ಬಾಗಿಸುತ್ತೆ.
ಅವಳು ಅನ್ನ ಕಲಸುವುದು ನಿಲ್ಲಿಸಿದಳು.
"ತಗ್ಗಲ್ಲ, ಕಲೆ. ಉಳಿದದ್ದೆಲ್ಲ ಸರಿ."

ಆಮೇಲೆ ಅವಳ ಸರದಿ. ಗೊಂಚಲು ಇನ್ನೂ ಎಳೆಯದಂತೆ,
ಬರೀ ಹನ್ನೆರಡು ಕೋಟಿ ವರ್ಷ. ಒಂದೇ ಮೋಡದ ಮಕ್ಕಳು.
ಹುಟ್ಟುವಾಗ ಮುದುಡಿ ಮುದುಡಿ ವೇಗ ಏರಿಸಿಕೊಂಡವು;
ಈಗ ಮೈಯ ಗಾಳಿಯನ್ನು ಅಯಸ್ಕಾಂತದ ತೋಳುದ್ದ ಹಿಡಿದು
ಬೀಸಿ ಬೀಸಿ ಬಿಡುತ್ತವೆ. ಬಿಟ್ಟಷ್ಟೂ ನಿಧಾನ.
ನಮ್ಮ ಸೂರ್ಯ ಹೀಗೆ ಬೀಸಿ ಬೀಸಿಯೇ
ಸುತ್ತಿಗೆ ಇಪ್ಪತ್ತೈದು ದಿನ ತಗೊಳ್ಳುವ ಹಿರಿಯನಾದದ್ದು.

"ಹಾಗಾದರೆ ಸಣ್ಣವು ಮೊದಲು ನಿಲ್ಲಬೇಕು" ಅಂದೆ.
ಆರಿಂಚಿನ ಚಕ್ಕು ನಿಂತು ಎಷ್ಟೋ ಹೊತ್ತಿನ ಮೇಲೂ
ಹದಿನೆಂಟಿಂಚಿನದು ತಿರುಗುತ್ತಲೇ ಇರುತ್ತೆ,
ಅದು ಕೈ ಬಲ್ಲ ಲೆಕ್ಕ.
"ಇಲ್ಲಪ್ಪ, ತಿರುಗುಮುರುಗು."
ಸೂರ್ಯನಂಥವು ಆಗಲೇ ಸಾಲು ಹಿಡಿದು ನಿಧಾನಿಸಿವೆ;
ಚಿಕ್ಕ ಕೆಂಪು ನಕ್ಷತ್ರಗಳು ಇನ್ನೂ
ದಿನಕ್ಕೆರಡು ಮೂರು ಸುತ್ತು, ಯಾರ ಮಾತೂ ಕೇಳದೆ.
ಯಾಕೆ?
"ಪೂರ್ತಿ ಗೊತ್ತಿಲ್ಲ" ಅಂದಳು, ಸಾರು ಬಡಿಸಿಕೊಳ್ಳುತ್ತ.
ಯಾವ ಇಂಜಿನಿಯರೂ ಇಷ್ಟು ವರ್ಷದಲ್ಲಿ
ನನ್ನೆದುರು ಆ ಮಾತು ಇಷ್ಟು ಸಲೀಸಾಗಿ ಆಡಿದ್ದಿಲ್ಲ.

ಹೊಸ ಹುಡುಗ ನಾಸಿರ ಬೆರಳೆತ್ತಿ ಎಣಿಸುತ್ತಿದ್ದಾನೆ:
ಆರು, ಇಲ್ಲ ಮಾಮಾ, ಏಳು.
ನನ್ನ ಕಣ್ಣಿಗೆ ಒಂದೇ ಮಸುಕು.
ಒಳಗೆ ಬಂದೆ. ಚಕ್ಕು ನಿಂತಿತ್ತು, ಮೈ ಇನ್ನೂ ಬೆಚ್ಚಗೆ.
ಅಂಗೈ ಇಟ್ಟು ಸುಮ್ಮನೆ ಒಂದು ಸುತ್ತು ತಿರುಗಿಸಿದೆ,
ನಿಧಾನ, ಎಷ್ಟು ಸಾಧ್ಯವೋ ಅಷ್ಟು ನಿಧಾನ,
ಕಲೆ ಎಲ್ಲಿ ಬರುತ್ತೆ ಅಂತ.

"ಕರೆಂಟ್ ಬರ್ತಿದೆ" ನಾಸಿರ ಕೂಗಿದ,
"ಕೈ ತೆಗೀರಿ."