ಮೂರು ಯೂನಿಟ್

ಇನ್ನೂರ ಮೂರು ಎಂದ ಮೀಟರಿನ ಹುಡುಗ,
ಮೆಷಿನ್ನಿನಿಂದ ಚೀಟಿ ಹರಿದು ಕೊಡುತ್ತ.
ಇನ್ನೂರರವರೆಗೆ ಸೊನ್ನೆ, ದಾಟಿದರೆ ಪೂರ್ತಿ,
ಅದು ನನಗೂ ಗೊತ್ತು, ಅವನಿಗೂ ಗೊತ್ತು.
ಮೂರೇ ಮೂರು ಅಕ್ಕಾ, ಎಂದು ಅವನೇ ಬೇಜಾರು ಮಾಡಿಕೊಂಡ,
ಒಂದು ಚೊಂಬು ನೀರು ಕುಡಿದು
ಸಿಸಿಲಿಯಾ ಬಾಯಿಯ ಗೇಟಿಗೆ ಹೋದ.

ಸಾವಿರದ ಆರುನೂರ ಎಂಬತ್ತು ರೂಪಾಯಿ.
ನನ್ನ ಲೆಕ್ಕದಲ್ಲಿ ಆರು ಸಾವಿರ ಬೀಡಿ.

ಮೂರು ಯೂನಿಟ್ ಎಲ್ಲಿ ಹೋಯಿತು?
ನಾನಂತೂ ಅಲ್ಲ.
ತಡ್ಪೆ ಮಡಿಲಲ್ಲಿದ್ದಾಗ ಫ್ಯಾನ್ ಹಾಕುವ ಹಾಗಿಲ್ಲ,
ಹೊಗೆಸೊಪ್ಪು ಹಾರುತ್ತದೆ, ಎಲೆ ಒಣಗಿ ಬಿರಿಯುತ್ತದೆ.
ಇಪ್ಪತ್ತೆರಡು ವರ್ಷದಿಂದ ಫ್ಯಾನಿನ ಅಡಿಯಲ್ಲೇ ಕೂತು
ಬೆವರುತ್ತಿದ್ದೇನೆ.

ಮಗು ಹುಟ್ಟಿದ್ದು ಪಗ್ಗು ತಿಂಗಳಲ್ಲಿ.
ನಿಶ್ಮಿತಾಳ ಕೋಣೆಯ ಫ್ಯಾನ್ ಅಂದು ತಿರುಗತೊಡಗಿದ್ದು
ಇನ್ನೂ ನಿಂತಿಲ್ಲ.
ಆದರೂ ಕೂಸಿನ ಕುತ್ತಿಗೆಯ ಮಡಿಕೆಯಲ್ಲಿ
ಸಾಸಿವೆ ಚೆಲ್ಲಿದ ಹಾಗೆ ಬೆವರುಗುಳ್ಳೆ.
ತೆಂಗಿನೆಣ್ಣೆ ಹಚ್ಚೋಣವೆಂದರೆ
ಅಂಗಡಿಯವನು ಬಾಟಲಿಯ ರೇಟು ಹೇಳುವಾಗ
ನನ್ನ ಮುಖ ನೋಡುವುದಿಲ್ಲ.

ಬೋಳಾರದ ಹಂಚಿನ ಕಾರ್ಖಾನೆಯಲ್ಲಿ
ಮಣ್ಣು ತುಳಿದವರು ನನ್ನ ಮಾವ.
ಅವರ ಹಂಚು ಇಳಿಸಿ ಸ್ಲಾಬು ಹಾಕಿಸಿದ್ದು ನಾವೇ,
ಸೋರುವುದಿಲ್ಲ, ನಾಲ್ಕು ಜನರ ಕಣ್ಣಿಗೂ ಚಂದ, ಎಂದು.
ಈಗ ಅದು ಹಗಲಿಡೀ ಬಿಸಿಲು ಕುಡಿದು
ರಾತ್ರಿ ಹನ್ನೊಂದರ ಮೇಲೆ ನಮ್ಮ ಮೈಮೇಲೆ ಕಕ್ಕುತ್ತದೆ.
ಹೊಳೆ ಇಲ್ಲೇ ಇದೆ, ಕಡಲು ಅದರಾಚೆ.
ಗಾಳಿ ಮಾತ್ರ ಎಲ್ಲಿಗೋ ನೆಂಟರ ಮನೆಗೆ.

ದಕ್ಕೆಯಲ್ಲಿ ಬುಟ್ಟಿ ಹೊರುವ ನನ್ನ ಗಂಡ
ಒಂದು ದಿನ ಬೈರಾಸಿನಲ್ಲಿ ಐಸಿನ ತುಂಡು ಕಟ್ಟಿ ತಂದರು.
ಸ್ಟೀಲಿನ ಬೋಗುಣಿಯಲ್ಲಿಟ್ಟು ಹಿಂದಿನಿಂದ ಟೇಬಲ್ ಫ್ಯಾನ್ ಬಿಟ್ಟರು.
ಇಡೀ ಕೋಣೆ ಬಂಗುಡೆ ವಾಸನೆ.
ಛೀ ಅಪ್ಪಾ, ಎಂದಳು ಬಾಣಂತಿ.
ಮಗು ಮೂರು ಗಂಟೆ ನಿದ್ದೆ ಮಾಡಿತು.
ಮರುದಿನ ಅವಳೇ ಕೇಳಿದಳು, ಇವತ್ತು ಐಸ್ ಇಲ್ವಾ?

ಸಂಜೆ ವಿಚಾರಣೆ.
ಅಳಿಯ ಭಾನುವಾರ ಬಂದು ಮ್ಯಾಚ್ ನೋಡಿದ್ದು,
ಎರಡು ಫೋನಿಗೆ ಚಾರ್ಜ್ ಹಾಕಿದ್ದು,
ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.
ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದು ಒಂದೇ ಸಲ,
ತೊಟ್ಟಿಲ ಶಾಸ್ತ್ರದ ದಿನ.
ಒಂಬತ್ತನೇ ಕ್ಲಾಸಿನ ದೀಕ್ಷಿತ್
ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಗೀಚಿ ಹೇಳಿದ:
ಒಂದು ಯೂನಿಟ್ ಅಂದರೆ ಫ್ಯಾನಿಗೆ ಹದಿಮೂರು ಗಂಟೆ.
ಮೂರು ಯೂನಿಟ್, ಹತ್ತಿರ ಹತ್ತಿರ ನಲವತ್ತು.
ಪೊಲೀಸನ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಂತ.
ನಲವತ್ತು ಗಂಟೆ ಗಾಳಿ ತಿಂದದ್ದು ಯಾರು?

ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು.

ರಾತ್ರಿ ಎರಡಕ್ಕೆ ಮಗು ಹಾಲು ಕುಡಿದು ಮಲಗಿದ ಮೇಲೆ
ನಾನು ಚಾವಡಿಗೆ ಬರುತ್ತಿದ್ದೆ.
ತಡ್ಪೆ ಮೂಲೆಯಲ್ಲಿ, ಹೊಗೆಸೊಪ್ಪಿನ ಡಬ್ಬಿಗೆ ಮುಚ್ಚಳ.
ಸ್ವಿಚ್ಚು ಹಾಕುತ್ತಿದ್ದೆ, ಶಬ್ದವಾಗದ ಹಾಗೆ ಬೆರಳು ಒತ್ತಿ ಹಿಡಿದು.
ಕೂದಲು ಬಿಚ್ಚಿ, ಕುಪ್ಪಸದ ಎರಡು ಹುಕ್ಕು ಸಡಿಲಿಸಿ,
ಕಾಲು ಚಾಚಿ ಸಿಮೆಂಟಿನ ಮೇಲೆ ಸುಮ್ಮನೆ.
ಮಡಿಲಲ್ಲಿ ಹಾರಿಹೋಗುವಂಥದ್ದು ಏನೂ ಇಲ್ಲ.
ಬೆನ್ನಿನ ಬೆವರು ತಣ್ಣಗಾಗುವುದು
ಒಂದೊಂದೇ ಎಲುಬಿಗೆ ಗೊತ್ತಾಗುತ್ತಿತ್ತು.
ಒಂದು ಗಂಟೆ. ಒಮ್ಮೊಮ್ಮೆ ಸ್ವಲ್ಪ ಜಾಸ್ತಿ.
ತಿಂಗಳಿಗೆ ಎಷ್ಟು ರಾತ್ರಿ ಎಂದು
ದೀಕ್ಷಿತನ ಪೆನ್ಸಿಲ್ ಕೇಳಲಿಲ್ಲ.

ಫ್ರಿಜ್ಜಿನ ಬಾಗಿಲು ಸರಿ ಕೂರುವುದಿಲ್ಲ ಮಾರಾಯ, ಎಂದೆ.
ಎಲ್ಲರೂ ಫ್ರಿಜ್ಜಿನ ಕಡೆ ನೋಡಿದರು.
ಪಾಪ, ಅದು ಗುಂಯ್ ಎಂದಿತು.

ಈಗ ಆರು ಸಾವಿರ ಕಟ್ಟಬೇಕು.
ಮನಸ್ಸಿನಲ್ಲೇ ಭಾಗ ಮಾಡಿದೆ:
ಮಗುವಿನದು, ಸ್ಲಾಬಿನದು, ಅಳಿಯನದು,
ನನ್ನ ಪಾಲಿಗೆ ಬರುವುದು ಮೂರೂವರೆ ಕಟ್ಟು.
ಅದನ್ನೇ ಮೊದಲು ಕೂತು ಕಟ್ಟಿದೆ,
ಎಲೆ ಆರಿಸಿ, ನೂಲು ಬಿಗಿದು, ನಿಧಾನಕ್ಕೆ.
ಬ್ರಾಂಚಿನವನು ಅದರಲ್ಲಿ ಒಂದನ್ನೂ ತೆಗೆದು ಬಿಸಾಡಲಾರ.