ಒಂದು ಅಕ್ಷರ

ಸಿಗರೇಟು ಮುಟ್ಟಿದವಳಲ್ಲ ಪು ಗುಯಿಶಿಯಾನ್.
ಸೇದಿದ್ದು ಒಲೆ; ಹೊಗೆ ಮಾತ್ರ ಇವಳ ಪಾಲು.
ಶ್ವಾನ್‌ವೇಯ ಕಲ್ಲಿದ್ದಲು, ಚಿಮಣಿಯಿಲ್ಲದ ಕೋಣೆ,
ಜಂತಿಗೆ ತೂಗುಬಿಟ್ಟ ಹಂದಿತೊಡೆ
ವರ್ಷ ವರ್ಷ ಕಪ್ಪಾಗಿ ಹದವಾದವು.
ಕೆಳಗೆ ಇವಳೂ.

ಗಂಟು ಕೂತದ್ದು ಹೃದಯದ ಪಕ್ಕದ ಮನೆಯಲ್ಲಿ.
ಎದೆಗೆ ಸೂಜಿ ಇಳಿಸಲು ಡಾಕ್ಟರಿಗೆ ಕೈ ಬರಲಿಲ್ಲ,
ತೋಳಿನಿಂದ ಎರಡು ನಳಿಗೆ ರಕ್ತ ಸಾಕೆಂದರು.
"ಇಷ್ಟೇನಾ? ಕೋಳಿ ಕೊಯ್ದರೂ ಹೆಚ್ಚು ಬರುತ್ತೆ."
ನಕ್ಕು ಕೆಮ್ಮಿದಳಂತೆ, ಕೆಮ್ಮುತ್ತಲೇ
ಒಪ್ಪಿಗೆ ಪತ್ರಕ್ಕೆ ಕೆಂಪು ಹೆಬ್ಬೆಟ್ಟು ಒತ್ತಿದಳಂತೆ.

ಕುನ್ಮಿಂಗಿನ ಲ್ಯಾಬಿನಲ್ಲಿ ರಾತ್ರಿ ಪಾಳಿ ನನ್ನದು.
ಗಡ್ಡೆ ಸಾಯುತ್ತ ಉದುರಿಸಿದ ಚೂರುಗಳು
ರಕ್ತದಲ್ಲಿ ತೇಲಿ ಬರುತ್ತವೆ
ಯಾರೋ ಹರಿದೆಸೆದ ಕಾಗದದ ಹಾಗೆ,
ಸಾವಿರಕ್ಕೆ ಮೂರೋ ನಾಲ್ಕೋ.
ಮಿಕ್ಕಿದ್ದೆಲ್ಲ ಇವಳದೇ, ನೆಟ್ಟಗಿನ ಬರಹ.

ಬೆಳಗಿನ ಜಾವ ಸಿಕ್ಕಿತು:
ಟಿ ಇರಬೇಕಾದಲ್ಲಿ ಜಿ.
ಅಷ್ಟೇ.
ಇದಕ್ಕೊಂದು ಮಾತ್ರೆಯಿದೆ,
ಕೆಲವು ವರ್ಷ ಬಾಗಿಲು ಕಾಯುವಂಥದು.

ವರದಿ ಹೇಳಲು ನಾನೇ ಫೋನ್ ಮಾಡಿದೆ.
ಅಕ್ಷರ ಬಾರದವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:
"ನನ್ನೊಳಗೂ ಬರೆದಿತ್ತೇ, ಮಗಾ?
ಯಾರು ಬರೆದದ್ದು, ತಪ್ಪು ತಪ್ಪಾಗಿ?"

ಹಣೆಬರಹವಲ್ಲಜ್ಜಿ, ಎನ್ನಲು ಬಾಯಿ ತೆರೆದೆ.
ಆ ಕಡೆಯಿಂದ
ಒಲೆಗೆ ಕಲ್ಲಿದ್ದಲು ಸುರಿದ ಸದ್ದು.