ನಲವತ್ತಕ್ಕ ಹನ್ನೊಂದು

ಮೊದಲ ಇಂಟರ್ನಲ್‌ನಾಗ ನಲವತ್ತಕ್ಕ ಹನ್ನೊಂದು.
ಕೆಮಿಸ್ಟ್ರಿ ಮೇಡಮ್ಮು ಬೈಯಲಿಲ್ಲ,
ಫೋನ್ ನಂಬರ್ ಬರಕೊಂಡ್ರು.
ಹಿಂದ ಬಿದ್ದವರ ಪಟ್ಟಿ ಅದು, ಮೂವತ್ತೆರಡು ಹೆಸರು,
ನಂದು ಒಂಬತ್ತನೇದು: ಭಾಗ್ಯವಂತಿ, ತಂದೆ ಭೀಮಶಾ.
"ಇನ್ನ ದಿನಾ ಮೆಸೇಜ್ ಬರ್ತದ, ಉತ್ತರ ಕೊಡು.
ಯಾರಿಗೆ ಏನ್ ಕೊರತಿ ಅಂತ ನೋಡಿ
ಅದು ಬ್ಯಾರೆ ಬ್ಯಾರೆ ಹೇಳ್ತದ."

ನಂಬರ್ ಬರಸೂವಾಗ ಹೇಳಲಿಲ್ಲ ನಾ,
ಆ ಫೋನು ಹಗಲೆಲ್ಲ ಅಣ್ಣನ ಟಂಟಂದಾಗ ಇರ್ತದ,
ರಿಂಗ್ ರೋಡಿಂದ ಸ್ಟೇಷನ್ನಿಗೆ, ಸ್ಟೇಷನ್ನಿಂದ ರಿಂಗ್ ರೋಡಿಗೆ,
ಹತ್ತು ರೂಪಾಯಿ ಬಂತು ಅಂತ ಒದರೋದು ಅದರ ಕೆಲಸ.

ರಾತ್ರಿ ಒಂಬತ್ತಕ್ಕ ಅಂವ ಬರ್ತಾನ. ಚಾರ್ಜ್ ನಾಕು ಪರ್ಸೆಂಟ್.
ವಯರಿಗೆ ಹಚ್ಚಿ, ಫರಸಿ ಮ್ಯಾಲ ಬೋರಲು ಮಲಗಿ ಓದಿದೆ:
"ನಮಸ್ಕಾರ ಭಾಗ್ಯವಂತಿ.
ಇಂದು ತಾವು ಎಷ್ಟು ನಿಮಿಷ ಅಭ್ಯಾಸ ಮಾಡಿದಿರಿ?"
ತಾವು!
ನಮ್ಮ ಓಣ್ಯಾಗ ನನಗ ಯಾರೂ ತಾವು ಅಂದಿಲ್ಲ.
ಹತ್ತು ಅಂತ ಒತ್ತಿದೆ. ಖರೇ ಆಗಿದ್ದು ಸೊನ್ನಿ.

ಸುಳ್ಳು ವಾಸನಿ ಬಂತೋ ಏನೋ ಅದಕ್ಕ,
ಮರುದಿನ ಒಂಬತ್ತನೇ ಕ್ಲಾಸಿನ ಮೋಲ್ ಲೆಕ್ಕ ಕೊಡ್ತು.
ನಾಚಿಕಿ ಆಯ್ತು. ಆದ್ರ ಅಲ್ಲೇ ಇತ್ತು ನಂದು ತೂತು,
ಕನ್ನಡದಾಗ ತುಂಬಿದ ಕೊಡ
ಇಂಗ್ಲಿಷಿಗೆ ಇಳಿಸೂವಾಗ ಸೋರೋ ಜಾಗ.
ಖಡು ತಗೊಂಡು ಫರಸಿ ಮ್ಯಾಲೇ ಬರದೆ.
ಮುಂಜಾನಿ ಅವ್ವ ಎಲ್ಲಾ ಒರಸಿ, ಒಂದು ಬಾಣ ಬಿಟ್ಟಿದ್ಲು.
"ಇದ್ಯಾಕ ಎರಡೂ ಕಡಿ ಹೊಂಟದ?"
ಹೋಗಿದ್ದು ತಿರುಗಿ ಬರೂದೂ ಅದ, ಅವ್ವ.

ಮೂರನೇ ವಾರದಾಗ ಕತಿ ಬ್ಯಾರೆ ಆಯ್ತು.
"ತಾವು ಮಧ್ಯಾಹ್ನದ ವೇಳೆ ಚೆನ್ನಾಗಿ ಉತ್ತರಿಸುತ್ತಿದ್ದೀರಿ.
ಇದನ್ನೇ ಮುಂದುವರಿಸಿ."
ಮಧ್ಯಾಹ್ನ ನಾ ಲ್ಯಾಬಿನಾಗ, ಕೈಯಾಗ ಪಿಪೆಟ್.
ಫೋನು ಇರೂದು ಗಂಜಿನಾಗ.

ಮ್ಯಾಲಕ್ಕ ಸರಸಿ ನೋಡಿದೆ.
ಸೋಮವಾರ ಎರಡೂ ಹತ್ತಕ್ಕ, ಐದರಾಗ ಮೂರು ಬರೋಬ್ಬರಿ.
ಮಂಗಳವಾರ ನಾಕು.
ಶುಕ್ರವಾರ ಅದು ಕೇಳ್ಯದ:
"ಈ ವಿಷಯ ತಮಗೆ ಯಾವಾಗಿನಿಂದ ಕಷ್ಟವೆನಿಸಿತು?"
ಕೆಳಗ, ನಾ ಬರೀದ ಉತ್ತರ:
ಪಿಯುಸಿ ಸೆಕೆಂಡ್. ಎರಡು ಮಾರ್ಕ್ಸ್ ಕಡಿಮಿ ಬಿತ್ತು. ಮತ್ತ ಕಟ್ಟಲಿಲ್ಲ.
"ಹೇಳಿದ್ದು ಒಳ್ಳೆಯದಾಯಿತು, ಭಾಗ್ಯವಂತಿ.
ಬಿಟ್ಟಲ್ಲಿಂದ ಶುರು ಮಾಡೋಣವೇ?"
ಹೌದು ಅಂತ ಒತ್ತ್ಯಾನ.

ಅಂಬಾರಾಯ, ನಮ್ಮಣ್ಣ.
ಐದು ವರ್ಷದಾಗ ಆ ಎರಡು ಮಾರ್ಕ್ಸಿನ ಮಾತು
ಮನ್ಯಾಗ ಎತ್ತಿದಾಂವ ಅಲ್ಲ.
ನನ್ನ ಹೆಸರಿನ ಮರಿಗೆ ನಿಂತು
ಒಂದು ಮಷೀನಿಗೆ ಹೇಳ್ಯಾನ.

ಸಿಟ್ಟು ಬರಬೇಕಿತ್ತು ನನಗ.
ನನ್ನ ತೂತಿಗೆ ತಂದ ತ್ಯಾಪಿ ಅವನ ತೂತಿಗೆ ಹಚ್ಲಾಕತ್ತದ ಅದು.
ಮೇಡಮ್ಮಿಗೆ ಹೇಳಬೇಕೋ ಬ್ಯಾಡೋ
ಅನ್ನೋದ್ರಾಗ ಊಟಕ್ಕ ಕುಂತ್ವಿ.
ರೊಟ್ಟಿ ಮುರಕೋತ, ನನ್ನ ಮಾರಿ ನೋಡದೆ, ಅಂವ ಅಂದ:
"ಲಿಮಿಟಿಂಗ್ ರಿಯೇಜೆಂಟ್ ಅಂದ್ರ,
ಆರು ಸೀಟಿನ ಗಾಡಿಗೆ ಹತ್ತು ಮಂದಿ ಬಂದ್ರೂ
ಲೆಕ್ಕ ಸೀಟಿಂದೇ, ಹೌದಿಲ್ಲೋ?"
"ನೀ ಹತ್ತೂ ಮಂದಿನ್ನ ಹತ್ತಿಸ್ತಿ."
ಅವ್ವ ಏನೂ ತಿಳೀದೆ ನಕ್ಕೋತ ಪುಂಡಿಪಲ್ಯ ಬಡಿಸಿದ್ಲು.

ಎರಡನೇ ಇಂಟರ್ನಲ್: ಇಪ್ಪತ್ತೊಂದು.
ಅದರಾಗ ಫೋನಿಂದೆಷ್ಟು, ಆರು ಸೀಟಿಂದೆಷ್ಟು,
ಬ್ಯಾರೆ ಮಾಡ್ಲಿಕ್ಕ ನನಗ ಬರಂಗಿಲ್ಲ.

ನಿನ್ನೆ ಅದು ಕೇಳ್ತು:
"ಮುಂದಿನ ವಾರ ತಮಗೆ ಅನುಕೂಲವಾದ ಹೊತ್ತು ಯಾವುದು?"
ರಾತ್ರಿ ಒಂಬತ್ತೂವರಿ ಅಂತ ಬರದಿದ್ದೆ ನಾ.
ಇವತ್ತ ಅದರ ಕೆಳಗ ಇನ್ನೊಂದು ಸಾಲು:
ಪ್ಯಾಸೆಂಜರ್ ಇಲ್ಲದಾಗ.

"ಕ್ಷಮಿಸಿ, ಅರ್ಥವಾಗಲಿಲ್ಲ.
ದಯವಿಟ್ಟು ಸಮಯವನ್ನು ಅಂಕಿಗಳಲ್ಲಿ ತಿಳಿಸಿ."

ಅಂವ ಗೊರಕಿ ಹೊಡೀಲಾಕತ್ತಿದ್ದ.
ನಾನೇ ಬರದೆ: 2.10.